ಆಸ್ಪತ್ರೆಯ ಎರಡು ಬಾಗಿಲು

1945ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್, ಸರ್ಕಾರವೇ ಎಲ್ಲರಿಗೂ ಆರೋಗ್ಯ ವಿಮೆ ಕೊಡಬೇಕೆಂದ. ಡಾಕ್ಟರರ ದೊಡ್ಡ ಸಂಘ ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್, ಸಮಾಜವಾದ ಬಂತು, ಸ್ವಾತಂತ್ರ್ಯ ಹೋಯ್ತು ಅಂತ ಬಾಯಿ ಬಡಕೊಂಡಿತು. ಸದಸ್ಯರಿಂದ ತಲೆಗೆ 25 ಡಾಲರ್ ಎತ್ತಿ ಪ್ರಚಾರಕ್ಕೆ ಸುರಿಯಿತು. ಯೋಜನೆ ಸತ್ತಿತು.

ಯಾರ ಸ್ವಾತಂತ್ರ್ಯ, ಗೆಳೆಯರೇ? ಅದೇ ಸಂಘದ ದಕ್ಷಿಣದ ಶಾಖೆಗಳು ಕರಿಯ ಡಾಕ್ಟರರನ್ನು ಒಳಗೆ ಬಿಡುತ್ತಿರಲಿಲ್ಲ. 1895ರಲ್ಲೇ ಅವರು ಬೇರೆ ಸಂಘ ಕಟ್ಟಿಕೊಂಡಿದ್ದರು. 1946ರ ಹಿಲ್-ಬರ್ಟನ್ ಕಾಯ್ದೆ ಆಸ್ಪತ್ರೆ ಕಟ್ಟಲು ಸರ್ಕಾರಿ ದುಡ್ಡು ಕೊಟ್ಟು, ಬಿಳಿಯರಿಗೊಂದು ಕರಿಯರಿಗೊಂದು ಕಟ್ಟಿದರೂ ಸರಿ ಎಂದಿತು. ಆ ದುಡ್ಡು ದಕ್ಷಿಣದ ಬಿಳಿಯರಿಗೆ ಕಹಿಯಾಗಲಿಲ್ಲ. ಹೋಟೆಲಿನಲ್ಲಿ ಎರಡು ಲೋಟ ಕಂಡ ನಮಗೆ ಈ ಲೆಕ್ಕ ಹೊಸದೇನಲ್ಲ.

1965ರಲ್ಲಿ ವಯಸ್ಸಾದವರಿಗೆ ಮೆಡಿಕೇರ್ ಬಂತು. ದೊಡ್ಡ ಸಂಘ ವಿರೋಧಿಸಿತು, ಕರಿಯ ಡಾಕ್ಟರರ ಸಂಘ ಬೆಂಬಲಿಸಿತು. ಬಣ್ಣ ನೋಡಿ ಬೇರೆ ಮಲಗಿಸುವ ಆಸ್ಪತ್ರೆಗೆ ಮೆಡಿಕೇರ್ ಹಣವಿಲ್ಲ ಎಂದಿತು ಸರ್ಕಾರ. 1966ರಲ್ಲಿ ಕೆಲವೇ ತಿಂಗಳಲ್ಲಿ ಸಾವಿರಕ್ಕೂ ಹೆಚ್ಚು ಆಸ್ಪತ್ರೆಗಳು ಎರಡು ಬಾಗಿಲನ್ನು ಒಂದು ಮಾಡಿದವು. ನೀತಿಪಾಠಕ್ಕೆ ಬಗ್ಗದವರು ದುಡ್ಡಿಗೆ ಬಗ್ಗಿದರು.

2010ರಲ್ಲಿ ಒಬಾಮನ ಕಾಯ್ದೆ ವಿಮೆಯನ್ನು ಕಡ್ಡಾಯ ಮಾಡಿತು; ಮತ್ತದೇ ಸ್ವಾತಂತ್ರ್ಯದ ಕೂಗು. 2012ರಲ್ಲಿ ಸುಪ್ರೀಂ ಕೋರ್ಟು ಬಡವರ ಮೆಡಿಕೇಡ್ ವಿಸ್ತರಣೆಯನ್ನು ರಾಜ್ಯಗಳ ಇಷ್ಟಕ್ಕೆ ಬಿಟ್ಟಿತು. ಬೇಡ ಅಂದವರಲ್ಲಿ ಮಿಸಿಸಿಪ್ಪಿ, ಅಲಬಾಮ, ಟೆಕ್ಸಾಸ್: ಹಳೆಯ ಗುಲಾಮಗಿರಿಯ ನೆಲ.

ಉಳ್ಳವರು ಸ್ವಾತಂತ್ರ್ಯ ಅಂತ ಕೂಗಿದಾಗ, ಹಾಸಿಗೆ ತಪ್ಪೋದು ಯಾರಿಗೆ ಅಂತ ನಾವು ಮೊದಲು ಕೇಳಬೇಕು.