ಮನಿ ಪ್ಲ್ಯಾನಿನಾಗ ಗಿಡಕ್ಕೂ ಒಂದು ಜಾಗಾ ಇರಲಿ

ಬೆಂಗಳೂರಿನ ಗಿಡಗೋಳ ಇತಿಹಾಸ ಅಂದ್ರ ಎಲ್ಲಾರೂ ಲಾಲ್‌ಬಾಗಿನಿಂದ ಸುರು ಮಾಡ್ತಾರ. 1760ರಾಗ ಹೈದರ್ ಅಲಿ ಅದನ್ನ ಮಾಡಿಸಿದ್ದು ಖರೇನ. ಆದ್ರ ನಾ ಇವತ್ತ ಹೇಳೋದು ಮನಿ ಅಂಗಳದ ಗಿಡದ ಕತಿ. (ನಮ್ಮ ಧಾರವಾಡದ ಕಡೆ ಮರಕ್ಕೂ ಗಿಡಾನ ಅಂತೀವಿ, ಬೆಂಗಳೂರಿನವರು ತಪ್ಪು ತಿಳಕೋಬ್ಯಾಡ್ರಿ.)

1898ರಾಗ ಬೆಂಗಳೂರಿಗೆ ಪ್ಲೇಗ್ ಬಂತು. ಪ್ಯಾಟಿ ಓಣಿಗೋಳಾಗ ಗಾಳಿ ಇಲ್ಲ, ಬೆಳಕಿಲ್ಲ, ಮಂದಿ ಒತ್ತೊತ್ತಾಗಿ ಇದ್ರು. ಆ ಕಾಲದಾಗ ಬೆಳದದ್ದು ಮಲ್ಲೇಶ್ವರ, ಬಸವನಗುಡಿ. ಅಗಲ ರಸ್ತಾ, ಮುಂದ ಅಂಗಳ, ಹಿಂದ ಹಿತ್ತಲ. ಹಿತ್ತಲದಾಗ ತೆಂಗು, ಮಾವು, ಹಲಸು, ಕರಿಬೇವು. 1908ರಾಗ ಜರ್ಮನಿಯ ಕ್ರುಂಬಿಗಲ್ ಸಾಹೇಬ್ರು ಸರಕಾರಿ ತೋಟಗೋಳ ಜವಾಬ್ದಾರಿ ತಗೊಂಡ್ರು. ಒಂದು ಜಾತಿ ಗಿಡದ ಹೂವು ಉದರೂದ್ರಾಗ ಇನ್ನೊಂದು ಅರಳಬೇಕು, ಹಂಗ ಆರಿಸಿ ರಸ್ತಾದ ಗಿಡಾ ಹಚ್ಚಿಸಿದ್ರು. 1980ರ ದಶಕದಾಗ ಅರಣ್ಯಾಧಿಕಾರಿ ನೇಗಿನಹಾಳ ಅವರು ಲಕ್ಷಗಟ್ಟಲೆ ಸಸಿ ಹಚ್ಚಿಸಿದ್ರು.

ರಸ್ತಾದ ಗಿಡಕ್ಕ ಹಿಂಗ ಹೇಳವರು ಕೇಳವರು ಇದ್ರು. ಅಂಗಳದ ಗಿಡಕ್ಕ ಮನಿ ಮಂದೀನ ಗತಿ. ಹಳೇ ಮನಿ ಕೆಡವಿ ಫ್ಲ್ಯಾಟ್ ಏಳಸೂಮುಂದ ಮೊದಲ ಹೋಗೋದು ಅದ. 1976ರಾಗ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಬಂತು. ತೆಂಗು, ನೀಲಗಿರಿಯಂಥ ಕೆಲವು ಜಾತಿ ಬಿಟ್ರ, ನಮ್ಮ ಸ್ವಂತ ಜಾಗಾದಾಗಿನ ಗಿಡಾ ಕಡೀಲಿಕ್ಕೂ ವೃಕ್ಷ ಅಧಿಕಾರಿ ಪರವಾನಗಿ ಬೇಕು. ಮನಿ ಪ್ಲ್ಯಾನ್ ಪಾಸ್ ಆತು ಅಂದ್ರ ಕೊಡ್ಲಿ ಹಾಕಲಿಕ್ಕೆ ಪರವಾನಗಿ ಸಿಕ್ತು ಅಂತಲ್ಲ.

ಈಗ ನನ್ನ ಮಗಾ ಮನಿ ಕಟ್ಟಸ್ಲಿಕ್ಕೆ ಹೊಂಟಾನ. ಮೂವತ್ತ-ನಲವತ್ತರ ಸೈಟು, ಮೂಲ್ಯಾಗ ಒಂದು ದೊಡ್ಡ ಹೊಂಗೆ. "ಅಮ್ಮಾರ, ಇದನ್ನ ತಗದ್ರ ಕಾರ್ ಆರಾಮ ನಿಲ್ತದ್ರಿ" ಅಂದ ಮೇಸ್ತ್ರಿ. "ಕಾರಿಗೂ ನೆರಳ ಬೇಕಲ್ಲಪಾ" ಅಂದೆ ನಾ. ಕಡೀಕ ಇಂಜಿನಿಯರು ಮೆಟ್ಟಲಾ ಆಚೆ ಸರಿಸಿ ಹೊಸಾ ಪ್ಲ್ಯಾನ್ ಬರದ್ರು. ಒಂದು ಖೋಲಿ ಸಣ್ಣದಾತು. ಆಗಲಿ.

ಗಿಡಾ ಕಡೀಲಿಲ್ಲ ಅಂದ್ರ ಉಳೀತು ಅಂತನೂ ಅಲ್ಲ. ನೀರು ಹೀರೋ ಸಣ್ಣ ಬೇರು ಬಹಳಷ್ಟು ಮ್ಯಾಲಿನ ಎರಡು ಫೂಟ ಮಣ್ಣಿನಾಗ ಇರ್ತಾವ, ಟೊಂಗಿ ಚಾಚಿದ್ದಕ್ಕಿಂತ ಆಚೆತನಕಾ ಹರಡಿರ್ತಾವ. ಉದ್ದಕ ಪಾಯಾ ತೋಡಿದ್ರ ಎಲ್ಲಾ ಕತ್ತರಿಸಿ ಹೋಗ್ತಾವ. ಅದರ ಬದಲಿ ಆ ಕಡೆ ಬಿಡಿಬಿಡಿ ಕಂಬಾ ನಿಲ್ಲಿಸಿ, ಬೇರಿನ ಮ್ಯಾಲೆ ತೊಲಿ ಹಾಯಿಸಬಹುದು. ಕೆಲಸಾ ಸುರು ಆಗೂ ಮೊದಲ ಗಿಡದ ಸುತ್ತ ಬೇಲಿ ಹಾಕಸ್ರಿ. ಬುಡದಾಗ ಉಸುಕು, ಇಟ್ಟಂಗಿ ಒಟ್ಟಬಾರದು, ಸಿಮೆಂಟ್ ಬುಟ್ಟಿ ತೊಳದ ನೀರು ಚೆಲ್ಲಬಾರದು. ಬೊಡ್ಡಿಗೆ ಮಣ್ಣು ಏರಿಸಿದ್ರೂ ಕೊಳೀತದ. ಮನಿ ಮುಗದ ಮ್ಯಾಲೆ ಬುಡದತನಕಾ ಫರ್ಶಿ ಹಾಸಬ್ಯಾಡ್ರಿ, ಮಳಿ ನೀರು ಇಳೀಲಿ.

"ಇದನ್ನ ಕಡದು ಎರಡು ಸಸಿ ಹಚ್ಚೋಣ" ಅನ್ನವರು ಭಾಳ ಮಂದಿ. ಆ ಸಸಿ ನೆರಳ ಕೊಡೂದ್ರಾಗ ನಮಗ ವಯಸ್ಸಾಗಿರ್ತದ. ಪ್ಲ್ಯಾನ್ ಬರಿಯವರಿಗೆ ಸೈಟು ತೋರಸೂಮುಂದ ಮೊದಲ ಗಿಡಾ ತೋರಸ್ರಿ. ಕಾಗದದ ಮ್ಯಾಲೆ ಗೆರಿ ಸರಸಲಿಕ್ಕೆ ರೊಕ್ಕಾ ಹತ್ತೂದಿಲ್ಲ.