ಜ್ವರಗಡ್ಡೆ: ಮಂಗಳೂರಿನ ಮಲೇರಿಯಾ ಕಲಿಸಿದ ದೇಹದ ಪಾಠ

ಇವತ್ತಿನ ಕಂತನ್ನು ಒಂದು ಹಳೆಯ ಕನ್ನಡ ಪದದಿಂದ ಶುರು ಮಾಡ್ತೇನೆ: ಜ್ವರಗಡ್ಡೆ. ಮಂಗಳೂರಿನಲ್ಲಿ ಮಲೇರಿಯಾ ಅಂದ್ರೆ ಗೊತ್ತಿಲ್ಲದ ಮನೆ ಇಲ್ಲ. ಆದರೆ ಈ ಪದ ಈಗ ಬಳಕೆಯಲ್ಲಿ ಕಡಿಮೆ.

ಹೊಟ್ಟೆಯ ಎಡಗಡೆ, ಪಕ್ಕೆಲುಬುಗಳ ಅಡಿಯಲ್ಲಿ ಗುಲ್ಮ ಅಂತ ಒಂದು ಅಂಗ ಇದೆ. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ. ಚಳಿಜ್ವರ ಪದೇ ಪದೇ ಬಂದವರಲ್ಲಿ ಅದು ಊದಿಕೊಂಡು ಗಡ್ಡೆಯ ಹಾಗೆ ಸಿಗುತ್ತದೆ. ಅದೇ ಜ್ವರಗಡ್ಡೆ. ಜ್ವರ ಮೈಗೆಲ್ಲ, ಗಡ್ಡೆ ಹೊಟ್ಟೆಯಲ್ಲಿ. ಇವೆರಡಕ್ಕೂ ನಂಟಿದೆ ಅಂತ ಆ ಒಂದೇ ಪದ ಹೇಳುತ್ತದೆ.

ಬ್ರಿಟಿಷ್ ವೈದ್ಯರೂ ಇದೇ ದಾರಿ ಹಿಡಿದರು. 1840ರ ದಶಕದಲ್ಲಿ ಉತ್ತರ ಭಾರತದ ಕಾಲುವೆ ಬದಿಯ ಹಳ್ಳಿಗಳಲ್ಲಿ ಡೆಂಪ್‌ಸ್ಟರ್ ಎಂಬ ವೈದ್ಯ ಜನರ ಹೊಟ್ಟೆ ಮುಟ್ಟಿ, ಎಷ್ಟು ಮಂದಿಯ ಗುಲ್ಮ ಊದಿದೆ ಅಂತ ಎಣಿಸಿದರು. ಊರಿನಲ್ಲಿ ಎಷ್ಟು ಮಲೇರಿಯಾ ಇದೆ ಎಂದು ಅಳೆಯಲು ಆ ಲೆಕ್ಕ ಮುಂದೆ ಬಹಳ ಕಾಲ ಬಳಕೆಯಲ್ಲಿತ್ತು.

ಗುಲ್ಮ ಯಾಕೆ ಊದುತ್ತದೆ? ಅದು ರಕ್ತದ ಸೋಸುಬಟ್ಟೆ. ಹಳೆಯ, ಕೆಟ್ಟ ಕೆಂಪು ರಕ್ತಕಣಗಳನ್ನು ಹಿಡಿದು ತೆಗೆಯುವುದು ಅದರ ಕೆಲಸ. ರೋಗಾಣು ಹೊಕ್ಕ ಕಣಗಳು ರಾಶಿ ರಾಶಿ ಬಂದಾಗ ಅದಕ್ಕೆ ಬಿಡುವೇ ಇಲ್ಲ. ಈ ರೋಗಾಣುವನ್ನು 1880ರಲ್ಲಿ ಅಲ್ಜೀರಿಯಾದಲ್ಲಿ ಫ್ರೆಂಚ್ ಸೇನಾ ವೈದ್ಯ ಲಾವರಾನ್ ರಕ್ತದಲ್ಲಿ ಕಂಡರು. 1897ರ ಆಗಸ್ಟ್ 20ರಂದು ಸಿಕಂದರಾಬಾದ್‌ನಲ್ಲಿ ರೊನಾಲ್ಡ್ ರಾಸ್ ಅದನ್ನು ಸೊಳ್ಳೆಯ ಹೊಟ್ಟೆಯಲ್ಲಿ ಕಂಡರು.

ಆದರೂ ಒಂದು ಒಗಟು ಉಳಿಯಿತು ನೋಡಿ. ಸೊಳ್ಳೆ ಕಚ್ಚಿದ ಮೇಲೆ ಒಂದು ವಾರಕ್ಕೂ ಹೆಚ್ಚು ಕಾಲ ರಕ್ತದಲ್ಲಿ ರೋಗಾಣು ಕಾಣಿಸುವುದಿಲ್ಲ. ಅಷ್ಟು ದಿನ ಅದು ಎಲ್ಲಿ ಅಡಗಿರುತ್ತದೆ? ಉತ್ತರ ಸಿಕ್ಕಿದ್ದು 1948ರಲ್ಲಿ, ಲಂಡನ್ನಿನ ಶಾರ್ಟ್ ಮತ್ತು ಗಾರ್ನ್‌ಹ್ಯಾಮ್ ಅವರಿಗೆ. ಅದು ಇರುವುದು ಪಿತ್ತಜನಕಾಂಗದಲ್ಲಿ, ಅಂದರೆ ನಾವು ಲಿವರ್ ಅನ್ನುವ ಅಂಗದಲ್ಲಿ.

ಈಗ ಮಂಗಳೂರಿಗೆ ಬರೋಣ. 1990ರ ದಶಕದಿಂದ ಇಲ್ಲಿ ಮಲೇರಿಯಾ ಮತ್ತೆ ತಲೆಯೆತ್ತಿತು. ಬಹುಮಹಡಿ ಕಟ್ಟಡಗಳು ಎದ್ದವು, ಕಟ್ಟಲು ಹೊರರಾಜ್ಯಗಳಿಂದ ಕಾರ್ಮಿಕರು ಬಂದರು. ಕ್ಯೂರಿಂಗ್‌ಗೆ ಸ್ಲ್ಯಾಬ್ ಮೇಲೆ ನಿಲ್ಲಿಸಿದ ನೀರು, ಟ್ಯಾಂಕಿ, ಬಾವಿ ಎಲ್ಲವೂ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಗೆ ಮನೆಯಾದವು. ಇಲ್ಲಿ ಹೆಚ್ಚಾಗಿ ಕಾಣುವುದು ವೈವಾಕ್ಸ್ ಮಲೇರಿಯಾ.

ಸೈಟಿನಲ್ಲಿ ಮಲಗಿದ ಕಾರ್ಮಿಕನೊಬ್ಬನಿಗೆ ಆ ಸೊಳ್ಳೆ ಕಚ್ಚಿತು ಅಂತಿಟ್ಟುಕೊಳ್ಳಿ. ಚರ್ಮದಿಂದ ರಕ್ತಕ್ಕೆ, ರಕ್ತದಿಂದ ಲಿವರ್‌ಗೆ. ಅಲ್ಲಿ ಬೆಳೆದು ಮತ್ತೆ ರಕ್ತಕ್ಕೆ. ಕೆಂಪು ಕಣಗಳು ಒಡೆದಾಗ ಮಿದುಳಿಗೆ ಸುದ್ದಿ ಮುಟ್ಟುತ್ತದೆ. ಮೈಯ ಬಿಸಿಯನ್ನು ಅಂಕೆಯಲ್ಲಿಡುವ ಮಿದುಳಿನ ಭಾಗ ‘ಬಿಸಿ ಏರಲಿ’ ಅನ್ನುತ್ತದೆ. ಆಗ ಸ್ನಾಯುಗಳು ನಡುಗುತ್ತವೆ, ಚರ್ಮದ ರಕ್ತನಾಳಗಳು ಕುಗ್ಗುತ್ತವೆ. ಅದೇ ಚಳಿ. ಜ್ವರ ಇಳಿಯುವಾಗ ಬೆವರುಗ್ರಂಥಿಗಳ ಸರದಿ. ಗುಲ್ಮ ಕೆಟ್ಟ ಕಣಗಳನ್ನು ಸೋಸುತ್ತದೆ, ಮೂಳೆಯ ಮಜ್ಜೆ ಹೊಸ ಕಣ ತಯಾರಿಸಲು ಹೆಣಗುತ್ತದೆ. ರಕ್ತ ಕಡಿಮೆಯಾದರೆ ಹೃದಯ ಬೇಗ ಬಡಿಯುತ್ತದೆ, ಉಸಿರಾಟ ಜೋರಾಗುತ್ತದೆ. ರೋಗ ಬಿಗಡಾಯಿಸಿದರೆ ಮೂತ್ರಪಿಂಡಕ್ಕೂ ಪೆಟ್ಟು. ಕೂಡುಕುಟುಂಬದಲ್ಲಿ ಒಬ್ಬರು ಹಾಸಿಗೆ ಹಿಡಿದರೆ ಉಳಿದವರೆಲ್ಲರ ದಿನಚರಿ ಬದಲಾಗುತ್ತದಲ್ವಾ, ಹಾಗೆಯೇ ಇದು.

ಇನ್ನು ಮುಖ್ಯ ವಿಷಯ. ವೈವಾಕ್ಸ್ ರೋಗಾಣುಗಳಲ್ಲಿ ಕೆಲವು ಲಿವರ್‌ನಲ್ಲೇ ನಿದ್ದೆ ಹೋಗುತ್ತವೆ. ಇದು ಖಚಿತವಾದದ್ದು 1980ರ ದಶಕದಲ್ಲಿ. ವಾರಗಳೋ ತಿಂಗಳುಗಳೋ ಕಳೆದು ಅವು ಎದ್ದರೆ, ಹೊಸ ಸೊಳ್ಳೆ ಕಚ್ಚದೆಯೇ ಜ್ವರ ಮರಳುತ್ತದೆ. ಅದಕ್ಕೇ ಎರಡು ಔಷಧಿ. ರಕ್ತದಲ್ಲಿರುವುದಕ್ಕೆ 3 ದಿನ ಕ್ಲೋರೋಕ್ವಿನ್, ಲಿವರ್‌ನಲ್ಲಿರುವುದಕ್ಕೆ 14 ದಿನ ಪ್ರೈಮಾಕ್ವಿನ್. ಗರ್ಭಿಣಿಯರಿಗೆ ಪ್ರೈಮಾಕ್ವಿನ್ ಕೊಡುವುದಿಲ್ಲ. ಜಿ6ಪಿಡಿ ಕೊರತೆ ಇರುವವರಿಗೂ ಅದರಿಂದ ಅಪಾಯ. ಹಾಗಾಗಿ ವೈದ್ಯರನ್ನು ಕೇಳದೆ ನುಂಗುವಂತಿಲ್ಲ.

ನಾಲ್ಕನೇ ದಿನ ಜ್ವರ ಬಿಟ್ಟಿರುತ್ತದೆ. ದಿನಗೂಲಿಯವರು ಕೆಲಸಕ್ಕೆ ಹೊರಡುತ್ತಾರೆ, ಇಲ್ಲವೇ ಬೇರೆ ಸೈಟಿಗೆ. ಉಳಿದ ಮಾತ್ರೆ ಚೀಲದಲ್ಲೇ ಇರುತ್ತದೆ. ರಕ್ತ ಶುದ್ಧ, ಲಿವರ್‌ನಲ್ಲಿ ರೋಗಾಣು ಹಾಗೇ ಇದೆ. ಮತ್ತೆ ಜ್ವರ ಬಂದರೆ ಅವರ ರಕ್ತ ಹೀರಿದ ಸೊಳ್ಳೆ ಪಕ್ಕದ ಅಪಾರ್ಟ್‌ಮೆಂಟಿಗೂ ಹೋಗುತ್ತದೆ.

2015ರಲ್ಲಿ ಮಂಗಳೂರಿನಲ್ಲಿ ಆರೋಗ್ಯ ಕಾರ್ಯಕರ್ತರ ಕೈಗೆ ಟ್ಯಾಬ್ಲೆಟ್ ಕೊಟ್ಟು, ಪ್ರತಿ ಪ್ರಕರಣವನ್ನೂ ಸಾಫ್ಟ್‌ವೇರ್‌ನಲ್ಲಿ ದಾಖಲಿಸಿ ಬೆನ್ನುಹತ್ತುವ ವ್ಯವಸ್ಥೆ ಬಂತು. ಮುಂದಿನ ವರ್ಷಗಳಲ್ಲಿ ಪ್ರಕರಣಗಳು ಬಹಳ ಇಳಿದವು. ಸೊಳ್ಳೆ ಹುಟ್ಟುವ ಜಾಗ ಹುಡುಕುವುದರ ಜೊತೆಗೆ ರೋಗಿಯ ಚಿಕಿತ್ಸೆ ಪೂರ್ತಿಯಾಯಿತೇ ಎಂದು ನೋಡುವುದೂ ಅದರ ಭಾಗವಾಗಿತ್ತು.

ನನ್ನ ಪ್ರಕಾರ ಈ ಇತಿಹಾಸದ ಸಾರ ಇಷ್ಟೇ: ಗುಲ್ಮ, ರಕ್ತ, ಲಿವರ್ ಹೀಗೆ ಒಂದೊಂದೇ ಅಂಗದ ಪಾತ್ರ ತಿಳಿಯಲು ವಿಜ್ಞಾನಕ್ಕೆ ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಆ ತಿಳಿವಳಿಕೆ 14 ದಿನದ ಮಾತ್ರೆಯ ಪಟ್ಟಿಯಲ್ಲಿದೆ. ನಿಮ್ಮ ಮನೆ ಹತ್ತಿರ ಕಟ್ಟಡದ ಕೆಲಸ ನಡೀತಿದ್ರೆ, ಅಲ್ಲಿ ಯಾರಿಗಾದರೂ ಜ್ವರ ಬಿಟ್ಟಿದ್ದರೆ ಒಂದು ಮಾತು ಕೇಳಿ: ಮಾತ್ರೆ ಮುಗಿಯಿತಾ?

ಮುಂದಿನ ಕಂತಿನಲ್ಲಿ ಸಿಗೋಣ.