ಹೋಂಸ್ಟೇ ಕಾಯ್ದಿರಿಸುವಿಕೆ: ಮುಂಗಡ ಹಣ ಮತ್ತು ಭದ್ರತಾ ಠೇವಣಿ ಕುರಿತು ಸಾರ್ವಜನಿಕರಿಗೆ ಮಾಹಿತಿ

ಕೊಡಗು, ಚಿಕ್ಕಮಗಳೂರು, ಹಾಸನ, ಉತ್ತರ ಕನ್ನಡ ಮುಂತಾದ ಜಿಲ್ಲೆಗಳಲ್ಲಿ ತಾವು ವಾಸಿಸುವ ಮನೆಯ ಒಂದು ಭಾಗವನ್ನು ಅಥವಾ ತೋಟದ ಮನೆಯನ್ನು ಪ್ರವಾಸಿಗರಿಗೆ ದಿನಬಾಡಿಗೆಗೆ ನೀಡುವ ಹೋಂಸ್ಟೇ ಪದ್ಧತಿಯು ರೂಢಿಯಲ್ಲಿದೆ. ಇಂತಹ ಮನೆಯನ್ನು ಕಾಯ್ದಿರಿಸುವಾಗ ಅತಿಥಿಗಳು ಸಾಮಾನ್ಯವಾಗಿ ಎರಡು ಬಗೆಯ ಹಣವನ್ನು ಪಾವತಿಸುತ್ತಾರೆ. ಒಂದು ಬಾಡಿಗೆಯ ಮುಂಗಡ. ಇನ್ನೊಂದು ಭದ್ರತಾ ಠೇವಣಿ. ಇವೆರಡೂ ಒಂದೇ ದಿನ, ಒಂದೇ ಖಾತೆಗೆ, ಅನೇಕ ವೇಳೆ ಒಂದೇ ಮೊತ್ತವಾಗಿ ಸಂದಾಯವಾಗುವುದರಿಂದ ಯಾವುದು ಎಷ್ಟು ಎಂಬುದು ಉಭಯ ಪಕ್ಷಗಳಿಗೂ ಸ್ಪಷ್ಟವಿರುವುದಿಲ್ಲ. ಪ್ರವಾಸವು ಸುಗಮವಾಗಿ ಮುಗಿದರೆ ಇದರಿಂದ ತೊಂದರೆಯಿಲ್ಲ. ಪ್ರವಾಸ ರದ್ದಾದಾಗ ಅಥವಾ ಮನೆಯಲ್ಲಿ ಏನಾದರೂ ಹಾನಿಯಾದಾಗ ಮಾತ್ರ ತಕರಾರು ಉದ್ಭವಿಸುತ್ತದೆ.

ಮುಂಗಡ ಮತ್ತು ಠೇವಣಿ: ವ್ಯತ್ಯಾಸವೇನು?

ಮುಂಗಡವು ಬಾಡಿಗೆಯ ಒಂದು ಭಾಗವಾಗಿದ್ದು, ಅತಿಥಿಗಳು ವಾಸ್ತವ್ಯ ಮಾಡಿದಾಗ ಒಟ್ಟು ಬಾಡಿಗೆಗೆ ಜಮೆಯಾಗುತ್ತದೆ. ಭದ್ರತಾ ಠೇವಣಿಯು ಬಾಡಿಗೆಯಲ್ಲ. ಅದು ಮನೆಗೆ ಹಾನಿಯಾದಲ್ಲಿ ಭರಿಸಿಕೊಳ್ಳಲು ಮಾಲೀಕರ ಬಳಿ ಇರಿಸಿದ ಹಣ. ಹಾನಿಯಾಗದಿದ್ದಲ್ಲಿ ಅತಿಥಿಗಳಿಗೆ ಸಲ್ಲತಕ್ಕದ್ದು. ತೆರಿಗೆ ಕಾನೂನು ಸಹ ಈ ವ್ಯತ್ಯಾಸವನ್ನು ಮಾನ್ಯ ಮಾಡಿದೆ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ, 2017ರ ಕಲಂ 2(31)ರ ಪರಂತುಕದಂತೆ, ಠೇವಣಿಯನ್ನು ಸೇವೆಯ ಪ್ರತಿಫಲವಾಗಿ ಹೊಂದಿಸಿಕೊಳ್ಳುವವರೆಗೆ ಅದನ್ನು ಸಂದಾಯವೆಂದು ಪರಿಗಣಿಸತಕ್ಕದ್ದಲ್ಲ. ಆದ್ದರಿಂದ ನೋಂದಾಯಿತ ಮಾಲೀಕರು ಮುಂಗಡದ ಮೇಲೆ ತೆರಿಗೆ ವಿಧಿಸಬಹುದೇ ಹೊರತು, ಹಿಂದಿರುಗಿಸಬೇಕಾದ ಠೇವಣಿಯ ಮೇಲೆ ವಿಧಿಸುವಂತಿಲ್ಲ.

ಈ ಕಾರಣದಿಂದ ರಸೀದಿಯಲ್ಲಿ ಎರಡೂ ಮೊತ್ತಗಳನ್ನು ಪ್ರತ್ಯೇಕವಾಗಿ ನಮೂದಿಸುವುದು ಅತ್ಯಗತ್ಯ. "ಕಾಯ್ದಿರಿಸುವ ಶುಲ್ಕ", "ಟೋಕನ್ ಹಣ" ಎಂಬಂತಹ ಅಸ್ಪಷ್ಟ ಪದಗಳಿರುವ ರಸೀದಿಯನ್ನು ಅತಿಥಿಗಳು ಸ್ವೀಕರಿಸಬಾರದು, ಮಾಲೀಕರು ನೀಡಲೂಬಾರದು. ಮುದ್ರಿತ ರಸೀದಿ ಪುಸ್ತಕವಿಲ್ಲದ ಮನೆಗಳಲ್ಲಿ, ಹಣ ತಲುಪಿದ ಕೂಡಲೇ "ಮುಂಗಡ ರೂ. 12,000, ಠೇವಣಿ ರೂ. 5,000 ತಲುಪಿದೆ" ಎಂದು ದೂರವಾಣಿ ಸಂದೇಶ ಕಳುಹಿಸಿದರೂ ಸಾಕಾಗುತ್ತದೆ. ಈ ಒಂದು ಸಾಲು ಮುಂದಿನ ಅನೇಕ ವಾದಗಳನ್ನು ತಪ್ಪಿಸುತ್ತದೆ.

ಕಾಯ್ದಿರಿಸುವ ಹಂತ

ದೂರವಾಣಿಯಲ್ಲಿ ವಿಚಾರಿಸಿದ ಮಾತ್ರಕ್ಕೆ ಕೊಠಡಿಯು ಕಾಯ್ದಿರಿಸಲ್ಪಡುವುದಿಲ್ಲ. ಮಾಲೀಕರು ಒಪ್ಪಿಗೆ ಸೂಚಿಸಿ, ದಿನಾಂಕ, ಕೊಠಡಿ ಮತ್ತು ದರವನ್ನು ಖಚಿತಪಡಿಸಿದಾಗ ಕರಾರು ಏರ್ಪಡುತ್ತದೆ. ದಸರಾ ರಜೆ, ತಲಕಾವೇರಿಯ ತುಲಾ ಸಂಕ್ರಮಣ, ಡಿಸೆಂಬರ್ ಕೊನೆಯ ವಾರ ಇವುಗಳಲ್ಲಿ ಒಂದೇ ಕೊಠಡಿಗೆ ಹಲವರು ವಿಚಾರಿಸುವುದು ಸಹಜ. ಆಗ ಹಣ ಪಾವತಿಗೆ ಒಂದು ದಿನದ ಗಡುವು ನೀಡಿ, ಆ ಅವಧಿಯಲ್ಲಿ ಕೊಠಡಿಯನ್ನು ಬೇರೆಯವರಿಗೆ ಕೊಡದಿರುವ ಪದ್ಧತಿಯು ಉತ್ತಮವಾದುದು. ಗಡುವು ಮುಗಿದ ಬಗ್ಗೆಯೂ ತಿಳಿಸತಕ್ಕದ್ದು.

ಮಾಲೀಕರು ದೂರವಾಣಿ, ಜಾಲತಾಣ ಮತ್ತು ಮಧ್ಯವರ್ತಿ ಸಂಸ್ಥೆಗಳ ಮೂಲಕ ಬರುವ ಎಲ್ಲ ಕೋರಿಕೆಗಳನ್ನು ಒಂದೇ ವಹಿಯಲ್ಲಿ ದಾಖಲಿಸುವುದು ಸೂಕ್ತ. ಮನೆಯಲ್ಲಿ ಒಬ್ಬರು ಒಪ್ಪಿಕೊಂಡ ಕೋರಿಕೆ ಇನ್ನೊಬ್ಬರಿಗೆ ತಿಳಿಯದೆ ಒಂದೇ ಕೊಠಡಿಯನ್ನು ಇಬ್ಬರಿಗೆ ನೀಡಿದಲ್ಲಿ, ತಪ್ಪು ಉದ್ದೇಶಪೂರ್ವಕವಲ್ಲದಿದ್ದರೂ ಹೊಣೆ ಮಾಲೀಕರದೇ. ಅಂತಹ ಸಂದರ್ಭದಲ್ಲಿ ಮುಂಗಡ ಮತ್ತು ಠೇವಣಿ ಎರಡನ್ನೂ ಪೂರ್ಣವಾಗಿ ಹಿಂದಿರುಗಿಸುವುದಲ್ಲದೆ, ಅತಿಥಿಗಳು ಬೇರೆಡೆ ತೆತ್ತ ಹೆಚ್ಚುವರಿ ಬಾಡಿಗೆಯನ್ನೂ ಭರಿಸಬೇಕಾಗಬಹುದು. ರಾತ್ರಿ ಒಂಬತ್ತು ಗಂಟೆಗೆ ಮಕ್ಕಳೊಡನೆ ಘಟ್ಟದ ರಸ್ತೆಯಲ್ಲಿ ಬಂದಿಳಿದವರಿಗೆ "ಸ್ಥಳವಿಲ್ಲ" ಎನ್ನುವುದು ಲೆಕ್ಕದ ಪುಸ್ತಕದ ದೋಷವೆಂದು ಬಿಟ್ಟುಬಿಡುವ ವಿಷಯವಲ್ಲ.

ಅತಿಥಿಗಳೇ ರದ್ದುಪಡಿಸಿದಲ್ಲಿ

"ಮುಂಗಡ ಹಣವನ್ನು ಯಾವುದೇ ಕಾರಣಕ್ಕೂ ಹಿಂದಿರುಗಿಸಲಾಗುವುದಿಲ್ಲ" ಎಂಬ ಸಾಲು ಅನೇಕ ರಸೀದಿಗಳಲ್ಲಿ ಕಂಡುಬರುತ್ತದೆ. ಇದನ್ನು ಓದಿದ ಅತಿಥಿಗಳು ಪ್ರಶ್ನಿಸುವ ಗೋಜಿಗೇ ಹೋಗುವುದಿಲ್ಲ. ಆದರೆ ಕಾನೂನಿನ ಸ್ಥಿತಿ ಅಷ್ಟು ಸರಳವಾಗಿಲ್ಲ. ಭಾರತೀಯ ಕರಾರು ಅಧಿನಿಯಮ, 1872ರ ಕಲಂ 74ರ ಮೇರೆಗೆ, ಕರಾರು ಮುರಿದಾಗ ಸಂದಾಯ ಮಾಡಬೇಕಾದ ಮೊತ್ತವನ್ನು ಮೊದಲೇ ಗೊತ್ತುಪಡಿಸಿದ್ದರೂ, ಬಾಧಿತ ಪಕ್ಷಕ್ಕೆ ದೊರೆಯುವುದು ಯುಕ್ತ ಪರಿಹಾರ ಮಾತ್ರ. ಗೊತ್ತುಪಡಿಸಿದ ಮೊತ್ತವು ಅದರ ಗರಿಷ್ಠ ಮಿತಿ. ಈಗಾಗಲೇ ಪಡೆದ ಹಣವನ್ನು ಮುಟ್ಟುಗೋಲು ಹಾಕಿಕೊಳ್ಳುವುದಕ್ಕೂ ಈ ಕಲಂ ಅನ್ವಯವಾಗುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1963ರಲ್ಲಿ ಫತೇಹ್ ಚಂದ್ ಪ್ರಕರಣದಲ್ಲಿ ತೀರ್ಮಾನಿಸಿತು. ಕರಾರಿಗೆ ಖಾತರಿಯಾಗಿ ನೀಡುವ ಅಲ್ಪ ಪ್ರಮಾಣದ ಸಂಚಕಾರದ ಹಣವನ್ನು ಇಟ್ಟುಕೊಳ್ಳಲು ಅವಕಾಶವಿದೆ. ಬಾಡಿಗೆಯ ದೊಡ್ಡ ಪಾಲನ್ನು ಆ ಹೆಸರಿನಲ್ಲಿ ಉಳಿಸಿಕೊಳ್ಳುವುದಕ್ಕೆ ಇದು ಆಧಾರವಾಗದು. ನಷ್ಟವೇ ಆಗದಿದ್ದಲ್ಲಿ ಪರಿಹಾರವೂ ಇಲ್ಲವೆಂಬುದನ್ನು ಅದೇ ನ್ಯಾಯಾಲಯವು 2015ರಲ್ಲಿ ಕೈಲಾಶ್‌ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ.

ಉದಾಹರಣೆಗೆ, ಎರಡು ಕೊಠಡಿಗಳನ್ನು ಮೂರು ದಿನಗಳಿಗೆ ಕಾಯ್ದಿರಿಸಲಾಗಿದೆ ಎಂದಿಟ್ಟುಕೊಳ್ಳಬಹುದು. ಕೊಠಡಿಯೊಂದಕ್ಕೆ ದಿನಕ್ಕೆ ರೂ. 4,000ರಂತೆ ಒಟ್ಟು ಬಾಡಿಗೆ ರೂ. 24,000. ಮುಂಗಡ ರೂ. 12,000, ಠೇವಣಿ ರೂ. 5,000. ಅತಿಥಿಗಳು ಇಪ್ಪತ್ತು ದಿನ ಮೊದಲು ರದ್ದುಪಡಿಸುತ್ತಾರೆ. ಮಾಲೀಕರು ಅದೇ ದರದಲ್ಲಿ ಎರಡು ದಿನಗಳಿಗೆ ಬೇರೆ ಅತಿಥಿಗಳನ್ನು ಪಡೆಯುತ್ತಾರೆ. ಒಂದು ದಿನ ಕೊಠಡಿಗಳು ಖಾಲಿ ಉಳಿಯುತ್ತವೆ. ಕೈತಪ್ಪಿದ ಬಾಡಿಗೆ ರೂ. 8,000. ಆ ದಿನದ ಊಟ, ಉಪಾಹಾರ, ಕೆಲಸದವರ ಕೂಲಿಯಲ್ಲಿ ರೂ. 1,000 ಉಳಿತಾಯವಾಗಿದ್ದಲ್ಲಿ ನಿಜವಾದ ನಷ್ಟ ರೂ. 7,000. ಆದುದರಿಂದ ಮುಂಗಡದಲ್ಲಿ ರೂ. 5,000 ಮತ್ತು ಠೇವಣಿಯ ಪೂರ್ಣ ರೂ. 5,000 ಹಿಂದಿರುಗತಕ್ಕದ್ದು. ಒಂದು ವೇಳೆ ಕರಾರಿನಲ್ಲಿಯೇ "ರದ್ದತಿಗೆ ಬಾಡಿಗೆಯ ಶೇ. 25" ಎಂದಿದ್ದರೆ ಮಿತಿ ರೂ. 6,000 ಆಗಿ, ಮುಂಗಡದಿಂದ ಇನ್ನೂ ಒಂದು ಸಾವಿರ ರೂಪಾಯಿ ಅತಿಥಿಗಳಿಗೆ ಸಲ್ಲುತ್ತದೆ.

ಗಮನಿಸಬೇಕಾದ ಅಂಶವೆಂದರೆ, ವಾಸ್ತವ್ಯವೇ ನಡೆಯದಿದ್ದಾಗ ಮನೆಗೆ ಹಾನಿಯಾಗುವ ಪ್ರಶ್ನೆಯಿಲ್ಲ. ರದ್ದತಿಯ ನೆಪದಲ್ಲಿ ಹಾನಿಗಾಗಿ ಪಡೆದ ಠೇವಣಿಯನ್ನು ಹಿಡಿದಿಡುವುದು ಸರಿಯಲ್ಲ. ಅಂತೆಯೇ ಅತಿಥಿಗಳೂ ಮಾಲೀಕರ ಸ್ಥಿತಿಯನ್ನು ಅರಿಯಬೇಕು. ಶುಕ್ರವಾರ ಸಂಜೆ "ಬರುವುದಿಲ್ಲ" ಎಂದು ತಿಳಿಸಿದಲ್ಲಿ ಶನಿವಾರಕ್ಕೆ ಬೇರೆ ಅತಿಥಿಗಳು ದೊರೆಯುವುದು ದುರ್ಲಭ. ಎರಡು ಕೊಠಡಿಗಳ ಮನೆಯೊಂದಕ್ಕೆ ವಾರದ ಸಂಪಾದನೆಯೇ ಆ ಎರಡು ದಿನಗಳು. ಅಂತಹ ವೇಳೆ ಮುಂಗಡದ ಬಹುಭಾಗವನ್ನು ಮಾಲೀಕರು ಉಳಿಸಿಕೊಂಡರೆ ಅದು ಅನ್ಯಾಯವೆನಿಸದು.

ಮಳೆ, ಭೂಕುಸಿತ ಮತ್ತು ಸರ್ಕಾರದ ಆದೇಶ

2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಸಂಭವಿಸಿದ ಭೂಕುಸಿತಗಳ ತರುವಾಯ ಜಿಲ್ಲಾಡಳಿತವು ಪ್ರವಾಸಿಗರನ್ನು ಕೆಲಕಾಲ ನಿರ್ಬಂಧಿಸಿತ್ತು. 2020ರ ಮಾರ್ಚ್‌ನಲ್ಲಿ ದೇಶಾದ್ಯಂತ ಲಾಕ್‌ಡೌನ್ ಜಾರಿಯಾಯಿತು. ಹೀಗೆ ಆದೇಶದಿಂದ ವಾಸ್ತವ್ಯವೇ ಅಸಾಧ್ಯವಾದಾಗ, ಕರಾರಿನಲ್ಲಿ ಬೇರೆ ಷರತ್ತು ಇಲ್ಲದಿದ್ದಲ್ಲಿ, ಕರಾರು ಅಧಿನಿಯಮದ ಕಲಂ 56ರಂತೆ ಕರಾರು ಶೂನ್ಯವಾಗುತ್ತದೆ. ಕಲಂ 65ರಂತೆ ಪಡೆದ ಹಣವನ್ನು ಹಿಂದಿರುಗಿಸಬೇಕಾಗುತ್ತದೆ. ಇಲ್ಲಿ ತಪ್ಪು ಯಾರದೂ ಅಲ್ಲ. ಮುಂದಿನ ದಿನಾಂಕಕ್ಕೆ ವರ್ಗಾಯಿಸಿಕೊಳ್ಳಲು ಅತಿಥಿಗಳು ಒಪ್ಪಿದಲ್ಲಿ ಉಭಯತ್ರರಿಗೂ ಅನುಕೂಲ, ಆದರೆ ಒಪ್ಪಲೇಬೇಕೆಂದು ಒತ್ತಾಯಿಸುವಂತಿಲ್ಲ.

ಮಳೆ ಜೋರಾಗಿದೆ ಎಂಬ ಭಯವೊಂದೇ ಈ ಕಲಂಗಳ ವ್ಯಾಪ್ತಿಗೆ ಬರುವುದಿಲ್ಲ. ಒಂದು ಘಟ್ಟದ ರಸ್ತೆ ಮುಚ್ಚಿ ಇನ್ನೊಂದು ತೆರೆದಿದ್ದಲ್ಲಿ ಪ್ರಯಾಣ ದೀರ್ಘವಾಗುತ್ತದೆಯೇ ಹೊರತು ಅಸಾಧ್ಯವಾಗುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಯ್ದಿರಿಸುವಿಕೆಗಳಿಗೆ ರಸ್ತೆ ಬಂದ್ ಆದಲ್ಲಿ ಏನು ಮಾಡತಕ್ಕದ್ದೆಂಬ ಷರತ್ತನ್ನು ಮೊದಲೇ ಬರೆದುಕೊಳ್ಳುವುದು ಲೇಸು.

ಠೇವಣಿಯಿಂದ ಕಡಿತ

ಭದ್ರತಾ ಠೇವಣಿಯ ಮುಟ್ಟುಗೋಲಿನ ಬಗ್ಗೆ ಇಂದಿಗೂ ಆಧಾರವಾಗಿರುವ ತೀರ್ಪು ಹೋಂಸ್ಟೇಗೆ ಸಂಬಂಧಿಸಿದ್ದಲ್ಲ. ಸೇನೆಗೆ ಆಲೂಗಡ್ಡೆ, ಕೋಳಿ, ಮೊಟ್ಟೆ ಮತ್ತು ಮೀನು ಪೂರೈಸುವ ಗುತ್ತಿಗೆಯದು. 1969ರ ಮೌಲಾ ಬಕ್ಷ್ ಪ್ರಕರಣದಲ್ಲಿ ಗುತ್ತಿಗೆದಾರರು ಪೂರೈಕೆಯಲ್ಲಿ ತಪ್ಪಿದ್ದರು. ಸರ್ಕಾರವು ಅವರ ಠೇವಣಿಯನ್ನು ಮುಟ್ಟುಗೋಲು ಹಾಕಿಕೊಂಡಿತ್ತು. ಲೆಕ್ಕಹಾಕಿ ತೋರಿಸಬಹುದಾದ ನಷ್ಟವನ್ನು ರುಜುವಾತುಪಡಿಸದೆ ಠೇವಣಿಯನ್ನು ಉಳಿಸಿಕೊಳ್ಳುವಂತಿಲ್ಲವೆಂದು ಸರ್ವೋಚ್ಚ ನ್ಯಾಯಾಲಯವು ಸರ್ಕಾರದ ವಿರುದ್ಧವೇ ತೀರ್ಪಿತ್ತಿತು. ಸರ್ಕಾರಕ್ಕೆ ಅನ್ವಯವಾದ ನಿಯಮವು ಮನೆ ಮಾಲೀಕರಿಗೂ ಅನ್ವಯವಾಗುತ್ತದೆ.

ಆದ್ದರಿಂದ ಅತಿಥಿಗಳು ಬಂದಾಗ ಮತ್ತು ಹೊರಡುವಾಗ, ಇಬ್ಬರೂ ಒಟ್ಟಿಗೆ ಕೊಠಡಿಯನ್ನು ಪರಿಶೀಲಿಸುವುದು ಅಗತ್ಯ. ಗೀಸರ್, ದೂರದರ್ಶನ, ಕಿಟಕಿ ಗಾಜು, ಹಾಸಿಗೆ ಇವುಗಳ ಛಾಯಾಚಿತ್ರ ತೆಗೆದಿಟ್ಟುಕೊಳ್ಳಬಹುದು. ಮಲೆನಾಡಿನ ಮಳೆಗಾಲದಲ್ಲಿ ಹೊಸ್ತಿಲವರೆಗೆ ಕೆಸರು ಬರುವುದು, ಗೋಡೆಗೆ ತೇವ ಹಿಡಿಯುವುದು, ಹಳೆಯ ಚಿಲಕ ಸಡಿಲವಾಗುವುದು ಇವು ಸಾಮಾನ್ಯ ಬಳಕೆಯ ಸವಕಳಿಗಳು; ಇವುಗಳಿಗೆ ಠೇವಣಿಯಿಂದ ಕಡಿತ ಮಾಡತಕ್ಕದ್ದಲ್ಲ. ಒಡೆದ ವಸ್ತು ಐದು ವರ್ಷ ಹಳೆಯದಾಗಿದ್ದಲ್ಲಿ ಹೊಸದರ ಪೂರ್ಣ ಬೆಲೆಯನ್ನು ವಸೂಲು ಮಾಡುವುದೂ ಸಮಂಜಸವಲ್ಲ. ಕಡಿತ ಮಾಡಿದಲ್ಲಿ ದುರಸ್ತಿಯ ಬಿಲ್ಲನ್ನು ನೀಡಬೇಕು. ಉಳಿದ ಹಣವನ್ನು ಅತಿಥಿಗಳು ಹೊರಡುವ ದಿನವೇ ಹಿಂದಿರುಗಿಸುವುದು ಎಲ್ಲಕ್ಕಿಂತ ಉತ್ತಮ. ದಿನ ಕಳೆದಂತೆ ಹಾನಿ ಯಾರಿಂದ ಆಯಿತೆಂಬುದನ್ನು ಸಾಬೀತುಪಡಿಸುವುದು ಕಠಿಣವಾಗುತ್ತದೆ. ನಡುವೆ ಬೇರೆ ಅತಿಥಿಗಳು ಬಂದುಹೋಗಿರುತ್ತಾರೆ.

ತೆರಿಗೆ

2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ದರಗಳಂತೆ, ಕೊಠಡಿಯೊಂದಕ್ಕೆ ದಿನಕ್ಕೆ ರೂ. 7,500ವರೆಗಿನ ವಾಸ್ತವ್ಯಕ್ಕೆ ಶೇ. 5 ಹಾಗೂ ಅದಕ್ಕೆ ಮೇಲ್ಪಟ್ಟು ಶೇ. 18 ಸರಕು ಮತ್ತು ಸೇವಾ ತೆರಿಗೆ ಇರುತ್ತದೆ. ಕೇಂದ್ರದ 2022ರ ಆಗಸ್ಟ್ 3ರ ಸುತ್ತೋಲೆಯ ಮೇರೆಗೆ, ಉಳಿಸಿಕೊಂಡ ರದ್ದತಿ ಶುಲ್ಕಕ್ಕೂ ಮೂಲ ಸೇವೆಯ ದರವೇ ಅನ್ವಯ. ಮುಂಗಡ ಪಡೆದ ನೋಂದಾಯಿತ ಮಾಲೀಕರು, ಸೇವೆ ನೀಡದೆ ಹಣ ಹಿಂದಿರುಗಿಸಿದಲ್ಲಿ ಮರುಪಾವತಿ ಚೀಟಿ ನೀಡಬಹುದು.

ದೂರು ಸಲ್ಲಿಸುವ ವಿಧಾನ

ಮೊದಲು ಮಾಲೀಕರಿಗೆ ಅಥವಾ ಮಧ್ಯವರ್ತಿ ಸಂಸ್ಥೆಗೆ ಲಿಖಿತವಾಗಿ ಕೋರಿಕೆ ಸಲ್ಲಿಸತಕ್ಕದ್ದು. ಪರಿಹಾರ ದೊರೆಯದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅನೇಕ ತಕರಾರುಗಳು ಈ ಹಂತದಲ್ಲಿಯೇ ಇತ್ಯರ್ಥವಾಗುವ ಸಾಧ್ಯತೆಯಿದೆ.

ಮುಂದುವರಿಯಬೇಕಾದಲ್ಲಿ ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಮೇರೆಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ನೀಡಲು ಅವಕಾಶವಿದೆ. ಬೆಂಗಳೂರಿನ ಅತಿಥಿಗಳು ಮಡಿಕೇರಿಗೆ ಅಲೆಯಬೇಕಾಗಿಲ್ಲ. ಪಾವತಿಸಿದ ಪ್ರತಿಫಲ ರೂ. 5 ಲಕ್ಷದವರೆಗಿದ್ದಲ್ಲಿ ಶುಲ್ಕವಿಲ್ಲ. ವಕೀಲರನ್ನು ನೇಮಿಸಿಕೊಳ್ಳುವುದು ಕಡ್ಡಾಯವಲ್ಲ. ಎರಡು ವರ್ಷಗಳೊಳಗೆ ದೂರು ದಾಖಲಾಗಬೇಕು. ಇ-ಜಾಗೃತಿ ಜಾಲತಾಣದ ಮೂಲಕವೂ ಸಲ್ಲಿಸಬಹುದಾಗಿದ್ದು, ರಸೀದಿ, ಹಣ ಸಂದಾಯದ ವಿವರ, ಸಂದೇಶಗಳ ಪ್ರತಿ ಹಾಗೂ ಛಾಯಾಚಿತ್ರಗಳನ್ನು ಲಗತ್ತಿಸತಕ್ಕದ್ದು. ಸದರಿ ಅಧಿನಿಯಮವು ವಿಪರೀತ ಭದ್ರತಾ ಠೇವಣಿ ಕೇಳುವ ಕರಾರನ್ನು, ನಷ್ಟಕ್ಕೆ ಸರಿದೂಗದ ದಂಡ ವಿಧಿಸುವ ಕರಾರನ್ನು ಗ್ರಾಹಕರ ಹಕ್ಕುಗಳಲ್ಲಿ ಗಣನೀಯ ಬದಲಾವಣೆ ಉಂಟುಮಾಡಿದಲ್ಲಿ "ಅನ್ಯಾಯದ ಕರಾರು" ಎಂದು ಪರಿಗಣಿಸುತ್ತದೆ. ಆದರೆ ಕರಾರಿನ ಷರತ್ತನ್ನೇ ಈ ಆಧಾರದ ಮೇಲೆ ಪ್ರಶ್ನಿಸುವ ದೂರನ್ನು ಜಿಲ್ಲಾ ಆಯೋಗದ ಬದಲು ರಾಜ್ಯ ಆಯೋಗಕ್ಕೆ ಸಲ್ಲಿಸಬೇಕಾಗುತ್ತದೆ.

ಇಲ್ಲದ ಮನೆಯ ಹೆಸರಿನಲ್ಲಿ ಮುಂಗಡ ಪಡೆದು ವಂಚಿಸುವವರ ವಿಷಯ ಬೇರೆಯೇ ಆಗಿದೆ. ಅಲ್ಲಿ ಕರಾರಿನ ಮಾತು ಬರುವುದಿಲ್ಲ, ಅದು ಅಪರಾಧ. ಹಣ ಕಳುಹಿಸುವ ಮುನ್ನ ಹೋಂಸ್ಟೇಯ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು, ಆಯಾ ಜಿಲ್ಲೆಯ ಪ್ರವಾಸೋದ್ಯಮ ಇಲಾಖೆಯ ಕಚೇರಿಯಲ್ಲಿ ವಿಚಾರಿಸುವುದು ಕ್ಷೇಮಕರ. ಹಣ ಪಡೆಯುವ ಖಾತೆಯ ಹೆಸರು ಮಾಲೀಕರ ಹೆಸರಿಗೆ ಹೊಂದದಿದ್ದಲ್ಲಿ ಪಾವತಿಯನ್ನು ತಡೆಹಿಡಿಯತಕ್ಕದ್ದು. ವಂಚನೆಗೆ ಒಳಗಾದವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಬೇಕು. ಹಣವು ಮುಂದಿನ ಖಾತೆಗಳಿಗೆ ಸಾಗುವ ಮೊದಲು ಮಾಹಿತಿ ತಲುಪಿದಲ್ಲಿ ಮಾತ್ರ ಅದನ್ನು ತಡೆಯಲು ಸಾಧ್ಯವಾಗುತ್ತದೆ.